ರವಿವಾರದ ಎಣ್ಣೆ

ಶೈಲಾಳ ನೆತ್ತಿಯ ಮೇಲೆ ಕೆಂಪು ಗುಳ್ಳೆಗಳೆದ್ದು, ಕೀವಾಗಿ, ಒಣಗಿ, ಮತ್ತೆ ಏಳುತ್ತಿದ್ದವು. ಒಣಗಿದ ಕಡೆ ಕೂದಲು ಹೋಗಿ ರೂಪಾಯಿಯಗಲ ಬೋಳಾಗಿತ್ತು. ಮುಂಬಯಿ ಗೋರೆಗಾಂವಿನ ಚರ್ಮದ ಡಾಕ್ಟರು ಮೊದಲ ದಿನವೇ ಹೇಳಿದ್ದರು: ಇದು ಕೂದಲ ಬುಡದ ಉರಿಯೂತ, ಬೇಗ ಹೋಗುವುದಲ್ಲ. ತಿಂಗಳುಗಟ್ಟಲೆ ಗುಳಿಗೆ, ದಿನಾ ಲೋಷನ್, ಆಗಾಗ ನೆತ್ತಿಗೇ ಇಂಜೆಕ್ಷನ್. ಎಣ್ಣೆ ಪೂರ್ತಿ ಬಂದ್. ಶೈಲಾ ಕೇಳಿದ್ದು ಒಂದೇ, ಮಗಳಿಗೆ ಹತ್ತುತ್ತದೆಯೇ? ಹತ್ತುವುದಿಲ್ಲ ಎಂದರು. ಆದರೂ ಪುಟ್ಟ ಸಪ್ನಾಳ ಬಾಚಣಿಗೆ ಅಂದೇ ಬೇರೆ ಕಪಾಟಿಗೆ ಹೋಯಿತು.

ಉಳಿದದ್ದೆಲ್ಲ ನಡೆಯಿತು, ಎಣ್ಣೆ ಮಾತ್ರ ನಿಲ್ಲಲಿಲ್ಲ. ರವಿವಾರ ಬೆಳಿಗ್ಗೆ ಅತ್ತೆ ದಾನವ್ವ ಎಣ್ಣೆ ಬೆಚ್ಚಗೆ ಮಾಡಿಕೊಂಡು ಸ್ಟೂಲಿನ ಮೇಲೆ ಕೂತು ಕರೆಯುತ್ತಿದ್ದರು. ಮುಂಬಯಿಯಲ್ಲೇ ಬೆಳೆದ ಸೊಸೆಗೂ ಬೆಳಗಾವಿ ಕಡೆಯ ಅತ್ತೆಗೂ ಮಾತು ಕೂಡಿದ್ದೇ ಆ ಸ್ಟೂಲಿನ ಬಳಿ. ಬೇಡ ಎನ್ನಲು ಬಾಯಿ ಬರದೆ ಶೈಲಾ ಹಚ್ಚಿಸಿಕೊಂಡು, ಆಮೇಲೆ ಶ್ಯಾಂಪೂ ಹಾಕಿ ತಿಕ್ಕಿ ತೊಳೆಯುತ್ತಿದ್ದಳು.

ಮುಂದಿನ ಸಲ ಡಾಕ್ಟರು ನೆತ್ತಿ ನೋಡಿದವರೇ, "ತೇಲ್ ಲಗಾ ರಹೀ ಹೋ ನಾ?" ಎಂದು ಎಣ್ಣೆ ಹಚ್ಚುವುದನ್ನು ಹಿಡಿದುಬಿಟ್ಟರು. ಬೋಳು ಅಗಲವಾಗಿತ್ತು. ಹೋದ ಜಾಗದಲ್ಲಿ ಕೂದಲು ಮತ್ತೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಕಳಿಸಿದರು.

ಆ ರವಿವಾರ ಶೈಲಾ ಕೂರಲಿಲ್ಲ.

"ಅತ್ತಿ, ಎಣ್ಣಿ ಬ್ಯಾಡ್ರಿ. ಡಾಕ್ಟರ್ ಮನಾ ಮಾಡ್ಯಾರ."

"ಯಾವಾಗ?"

"ಫಸ್ಟ್ ಟೈಮ್ ಹೋದಾಗನ."

ದಾನವ್ವ ಬಟ್ಟಲು ಕೆಳಗಿಟ್ಟರು. "ಹೇಳಾಕ ಏನಾಗಿತ್ತ ನಿನಗ?"

"ನಿಮಗ ಬೇಜಾರ್ ಆಗ್ತದಂತ..."

"ಈ ಸ್ಟೂಲಿನ ಮ್ಯಾಲೆ ಕುಂತು ಕುಂತು ನನ್ನ ಮೊಣಕಾಲು ಹಿಡಕೊಂಡಾವ. ಬಿಟ್ರ ನೀ ನಿಮ್ಮವ್ವಗ ಫೋನ್ ಹಚ್ಚಿ, ನಮ್ಮತ್ತಿ ನನ್ನ ತಲಿ ಸೈತ ಮುಟ್ಟಂಗಿಲ್ಲ ಅಂತಿ ಅಂತ ಹಚ್ಕೋತ ಬಂದೀನಿ."

ಶೈಲಾಳಿಗೆ ನಗು ತಡೆಯಲಾಗಲಿಲ್ಲ. ದಾನವ್ವ ಕನ್ನಡಕ ತರಿಸಿಕೊಂಡು ಮೊದಲ ಬಾರಿಗೆ ಕೂದಲು ಬಿಡಿಸಿ ನೋಡಿದರು.

"ನಾ ತಿಕ್ಕೂ ಮುಂದ ಉರೀಲಿಲ್ಲೇನ?"

"ಉರೀತಿತ್ರಿ."

"ಬಾಯಿ ಇತ್ತಲ್ಲವಾ."

ಎಣ್ಣೆ ನಿಂತಿತು. ಔಷಧ ನಡೆಯುತ್ತಲೇ ಇದೆ. ಬೋಳಾದಲ್ಲಿ ಕೂದಲು ಬರಲಿಲ್ಲ, ಆದರೆ ಬೋಳು ಇನ್ನಷ್ಟು ಅಗಲವಾಗಲೂ ಇಲ್ಲ. ಬೈತಲೆ ಪಕ್ಕಕ್ಕೆ ತೆಗೆದರೆ ಕಾಣುವುದಿಲ್ಲ. ಈಗ ರವಿವಾರ ದಾನವ್ವ ಮಂಚದ ಮೇಲೆ ಕಾಲು ಚಾಚಿ ಕೂತು, ಲೋಷನ್ ಹನಿಸುತ್ತ ಗುಳ್ಳೆ ಹುಡುಕುತ್ತಾರೆ.

"ಇವತ್ತ ಒಂದೂ ಸಿಗವಲ್ದು," ಎಂದರು ಮೊನ್ನೆ.

"ಸರಿಯಾಗಿ ನೋಡ್ರಿ, ಅತ್ತಿ."

"ಇದ್ದದ್ದ ಮುಚ್ಚಿಡಾಕ ನಾ ಏನ್ ನಿನ್ನಂಗ ಅದೀನೇನ?"