ಅಕ್ಕ ಹೆರೆದ ಬಿರಡೆಗಳು

ಮೊನ್ನೆ ಮೊಮ್ಮಗಳು ಗಾಜಿನ ಜಾಡಿಯ ಬಿರಡೆ ತೆಗೆದಾಗ ಹುಳಿಬಂದ ದ್ರಾಕ್ಷಿಯ ವಾಸನೆ ಮನೆಯೆಲ್ಲ ತುಂಬಿತು. ತನ್ನ ಮದುವೆಗೆ ತಾನೇ ವೈನ್ ಮಾಡುತ್ತಾಳಂತೆ. ನಾಗರಬಾವಿಯಲ್ಲಿ ವಕೀಲಿಕೆ ಓದಿದ ಹುಡುಗಿ. ಸಂತೋಷ ತಡೆಯಲಾರದೆ ಅವಳ ಕೆನ್ನೆ ಸವರಿ ಲಟಿಕೆ ಮುರಿದೆ. ಆದರೆ ಆ ವಾಸನೆ ಬಿಡಲಿಲ್ಲ... ರಾಜಾಜಿನಗರದ ಹಳೆಯ ವಠಾರಕ್ಕೆ ಎಳೆದುಕೊಂಡು ಹೋಯಿತು.

ಅದು ಐವತ್ತರ ದಶಕ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಮಾರೇನಹಳ್ಳಿಯಿಂದ ಆ ವಠಾರಕ್ಕೆ ಹೊಸ ಸೊಸೆಯಾಗಿ ಬಂದಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಕ್ರೈಸ್ತರ ಹೆಂಗಸು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಗಳಿಗೆ ಗಂಡು ಗೊತ್ತಾಗಿತ್ತು. ಹೆಣ್ಣಿನ ತಾಯಿ ಕೈಯಾರೆ ಮಾಡಿದ ದ್ರಾಕ್ಷಿ ವೈನನ್ನು ಮದುವೆಯಲ್ಲಿ ಬೀಗರಿಗೆ ಕೊಡುವುದು ಅವರ ಪದ್ಧತಿ. ತಂದೆಯಿಲ್ಲದ ಹುಡುಗಿ ಅಂತ ಬೀಗರು ಮೊದಲೇ ಹಗುರವಾಗಿ ಮಾತಾಡಿದ್ದರು. ಹಾಗಾಗಿ ವೈನ್ ಕೆಡಬಾರದು ಎಂಬುದೇ ಅಕ್ಕನ ಧ್ಯಾನ.

ಚಿಕ್ಕ ಚಿಕ್ಕ ಜಾಡಿಗಳೇನೋ ಅವರಿವರ ಮನೆಯಿಂದ ಸಿಕ್ಕವು. ಒಂದರ ಬಾಯಿ ಇನ್ನೊಂದರಂತಿಲ್ಲ. ಬಿರಡೆಗಾಗಿ ಅಕ್ಕ ಚಿಕ್ಕಪೇಟೆಯೆಲ್ಲ ಸುತ್ತಿದರು. ಕೆಲವು ಒಳಗೇ ಬೀಳುತ್ತಿದ್ದವು, ಔಷಧಿ ಅಂಗಡಿಯವಕ್ಕೆ ಔಷಧಿಯದೇ ನಾತ. ಕೊನೆಗೆ ಮುಸುಕಿನ ಜೋಳದ ದಿಂಡು ಒಣಗಿಸಿ, ಜಗಲಿಯಲ್ಲಿ ಕುಳಿತು ಒಂದೊಂದು ಬಾಯಿಗೂ ಬೇರೆ ಬೇರೆಯಾಗಿ ಹೆರೆದರು.

"ಬೆರಳಲ್ಲಿ ಒತ್ತಿದ್ರೆ ಕೂತ್ಕೋಬೇಕು, ಒಳಗಿನ ಗಾಳಿ ತಳ್ಳಿದ್ರೆ ಏಳ್ಬೇಕು ಕಣೇ. ಆಗ ಸರಿಯಾಗಿದೆ ಅಂತ."

ಮದುವೆಗೆ ಕರೆಯಲು ತವರಿಗೆ ಹೊರಟಾಗ ಅಕ್ಕ ವೈನ್ ತುಂಬಿದ ಜಾಡಿಗಳನ್ನು ನಮ್ಮ ಒಳಕೋಣೆಯಲ್ಲಿಟ್ಟು ಹೋದರು. ನಮ್ಮತ್ತೆಗೆ ತಮ್ಮ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ ಎಂಬ ಜಂಬ. ಬಿರಡೆಗಳು ಎದ್ದೆದ್ದು ಕೂರುವುದನ್ನು ಕಂಡು, ಇವಳಿಗೆ ಜಾಡಿ ಮುಚ್ಚೋಕೂ ಬರಲ್ಲ ಅಂತ ನಕ್ಕರು. ದಿಂಡಿಗೆ ಬಟ್ಟೆ ಸುತ್ತಿ ತುರುಕಿ, ಮೇಲೆ ಹಿಟ್ಟು ಮೆತ್ತಿ, ಹುರಿಯಿಂದ ಬಿಗಿದರು. ಅದು ಸಡಿಲವೇ ಇರಬೇಕಂತೆ ಅತ್ತೆ, ಎಂದೆ.

"ನಿನ್ನೆ ಬಂದೋಳು, ನನಗೆ ಜಾಡಿ ಕಟ್ಟೋದು ಹೇಳ್ಕೊಡ್ತೀಯಾ?"

ವೈನ್ ಹುಳಿಯುವಾಗ ಏಳುವ ಗಾಳಿಗೆ ದಾರಿಯಿಲ್ಲದೆ ಜಾಡಿಗಳು ಸಿಡಿದವು. ಒಂದೂ ಉಳಿಯಲಿಲ್ಲ... ಅಕ್ಕ ಬಂದು ಬಾಗಿಲಲ್ಲೇ ನಿಂತರು. ಅತ್ತೆ ತಪ್ಪಾಯಿತು ಅನ್ನಲಿಲ್ಲ. ಜಾಡಿಗಳೇ ಬಿರುಕು ಬಿಟ್ಟಿದ್ದವು ಅಂದರು. ಹುರಿ ಬಿಚ್ಚದೆ ಉಳಿದಿದ್ದ, ಒಡೆದ ಜಾಡಿಯೊಂದರ ಬಾಯನ್ನು ಅಕ್ಕ ಎತ್ತಿಕೊಂಡು ನೋಡಿದರು.

"ಎಷ್ಟು ಚೆನ್ನಾಗಿ ಕಟ್ಟಿದೀರಮ್ಮ" ಎಂದಷ್ಟೇ ಹೇಳಿ ಕೆಳಗಿಟ್ಟರು.

ಮದುವೆ ಅಂಗಡಿ ಶರಬತ್ತಿನಲ್ಲಿ ನಡೆಯಿತಂತೆ. ಗಂಡಿನ ತಾಯಿ ಲೋಟ ಮುಟ್ಟದೆ, ಇದಕ್ಕೂ ಗತಿ ಇಲ್ವಾ ಅಂದರಂತೆ. ನಮಗೆ ಕರೆ ಇರಲಿಲ್ಲ, ವಠಾರದವರು ಬಂದು ಹೇಳಿದ್ದು. ಆಮೇಲೆ ಅಕ್ಕ ಮನೆ ಖಾಲಿ ಮಾಡಿದರು. ಎಲ್ಲಿಗೆ ಅಂತ ನನಗೂ ಹೇಳಲಿಲ್ಲ... ಅತ್ತೆ ಸಾಯುವವರೆಗೂ ಜಾಡಿಗಳನ್ನೇ ಬೈದರು.

ಇದನ್ನೆಲ್ಲ ಕೇಳಿ ಮೊಮ್ಮಗಳು ತನ್ನ ಜಾಡಿಯ ಬಿರಡೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಆಮೇಲೆ, ಅವರ ವೈನ್ ಹೇಗಿತ್ತು ಅಜ್ಜಿ, ಎಂದಳು.

"ನೆಲ ಒರೆಸಿದ್ದು ನಾನೇ ಕಣೇ. ರುಚಿ ಯಾರೂ ನೋಡ್ಲಿಲ್ಲ."