ಬಲಗಡೆ ಒಂದು ಬೆರಳು

ಮಕ್ಕಳ ಬೆನ್ನುಮೂಳೆ ಸೊಟ್ಟಗಾಗಲು ಯಾವಾಗ ಶುರುವಾಗುತ್ತದೆ ಎಂಬುದೇ ನನ್ನ ಸಂಶೋಧನೆ. ಬಟ್ಟೆಗೂ ರೇಷನ್ ಇದ್ದ ಯುದ್ಧದ ಕಾಲದಲ್ಲಿ, ಭದ್ರಾವತಿಯ ಕಾರ್ಖಾನೆ ಕೆಲಸಗಾರನ ಹೆಂಡತಿಯೊಬ್ಬಳು ಮಗಳನ್ನು ಶಿವಮೊಗ್ಗದ ನನ್ನ ಆಸ್ಪತ್ರೆಗೆ ಕರೆತಂದಳು. ಹುಡುಗಿಯ ಬೆನ್ನು ಆಗಲೇ ತುಂಬ ಬಾಗಿತ್ತು.

"ಇಷ್ಟು ದಿನ ನೋಡ್ಲೇ ಇಲ್ವೇನಮ್ಮ?" ಎಂದು ಗದರಿದೆ.

"ರವಿಕೆ ಸರಿಯಾಗೇ ಕೂರ್ತಿತ್ತಲ್ಲ ಡಾಕ್ಟ್ರೇ," ಅಂದಳು.

ಅನುಮಾನ ಬಂದು, ಭದ್ರಾವತಿಗೆ ಹೋದಾಗ ಅವರ ದರ್ಜಿಯನ್ನೇ ಕೇಳಿದೆ.

"ಎರಡು ವರ್ಷದಿಂದ ಬಲಗಡೆ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲೀತಿದೀನಿ ಸ್ವಾಮಿ. ಹೆಣ್ಣುಮಗು, ನಾಲ್ಕು ಜನಕ್ಕೆ ಗೊತ್ತಾಗಬಾರದಲ್ಲ," ಅಂದ.

ತಾರೀಖು ಹಾಕಿ ಬರೆದಿಟ್ಟ ಅವನ ಅಳತೆ ಪುಸ್ತಕವನ್ನು ಕೇಳಿ ಪಡೆದು, ಅಲ್ಲೇ ಕೂತು ನಕಲು ಮಾಡಿಕೊಂಡೆ.

ಈಗ ಯಾವ ಮಗು ಬಂದರೂ ಮೊದಲು ಬಟ್ಟೆಯ ಹೊಲಿಗೆ ನೋಡುತ್ತೇನೆ; ಬೆನ್ನು ಆಮೇಲೆ.