ಯಂತ್ರ ಬರೆದ ಸರೋಜ

ನನ್ನ ಹೆಂಡತಿ ಸರೋಜಳ ಬಗ್ಗೆ ನನಗಿಂತ ಮೊದಲು ಬರೆದದ್ದು ಒಂದು ಯಂತ್ರ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ನಾನು ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೆಸರೇನೋ ದೊಡ್ಡದು, ಬರೆಯುವುದು ಆಳುಗಳ ಹಾಜರಿ ಮತ್ತು ಬಿದ್ದ ಮಳೆ, ಎರಡೇ. ಹೋದ ವರ್ಷ ಸರೋಜ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮಾತೂ ಅಷ್ಟಕ್ಕೇ ಇಳಿದಿತ್ತು.

ಒಂಬತ್ತನೇ ತರಗತಿಯಲ್ಲಿರುವ ಮಗಳು ಚೈತ್ರಳಿಗೆ ‘ನಮ್ಮ ಮನೆಯ ಒಬ್ಬರು’ ಎಂದು ಪ್ರಬಂಧ ಕೊಟ್ಟಿದ್ದರು. ಎಐ ಬಳಸಬಹುದು. ಆದರೆ ಕನ್ನಡ ಟೀಚರ್ ಒಂದು ಕಟ್ಟಳೆ ಹಾಕಿದ್ದಾರೆ: ಅದು ಬರೆದದ್ದನ್ನು ಮನೆಯಲ್ಲಿ ತಿಳಿದವರ ಮುಂದೆ ಓದಬೇಕು, ಸುಳ್ಳನ್ನು ಕೆಂಪು ಪೆನ್ನಿನಲ್ಲಿ ಹೊಡೆದು ನಿಜವನ್ನು ತಾನೇ ಬರೆಯಬೇಕು. ನನಗೆ ಇದು ಹಿಡಿಸಿತು. ನಮ್ಮ ಕಣದಲ್ಲೂ ಹಾಗೆಯೇ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿ ನೋಡಲು ಎಷ್ಟೇ ಚೆನ್ನಾಗಿ ಒಣಗಿರಲಿ, ಒಳಗೆ ಹಸಿ ಉಳಿದಿದೆಯೇ ಎಂದು ಒಂದು ಬೀಜ ಕಚ್ಚಿ ನೋಡದೆ ಚೀಲಕ್ಕೆ ತುಂಬುವುದಿಲ್ಲ. ಆ ಕಚ್ಚುವ ಕೆಲಸ ಸರೋಜಳದಾಗಿತ್ತು.

ಭಾನುವಾರ ಮಧ್ಯಾಹ್ನ ಚೈತ್ರ, ಅಮ್ಮನ ಬಗ್ಗೆ ಎಐ ಬರೆದುಕೊಟ್ಟದ್ದನ್ನು ನನ್ನ ಮುಂದೆ ಓದತೊಡಗಿದಳು. “ನನ್ನ ಅಮ್ಮ ಇಂಪಾಗಿ ಜೋಗುಳ ಹಾಡುತ್ತಿದ್ದಳು.”

“ಹೊಡಿ. ಅವಳು ಹಾಡಿದ್ರೆ ಮೇಯ್ತಿದ್ದ ದನ ತಲೆ ಎತ್ತಿ ನೋಡ್ತಿತ್ತು.”

“ಬೆಳಿಗ್ಗೆ ಬಿಸಿ ಕಾಫಿ ಕೊಟ್ಟು ಎಲ್ಲರನ್ನೂ ಎಬ್ಬಿಸುತ್ತಿದ್ದಳು.”

“ಅದನ್ನೂ ಹೊಡಿ. ಬೀಜ ಕಚ್ಚಿ ಕಚ್ಚಿ ಅವಳಿಗೆ ಕಾಫಿ ಅಂದ್ರೇ ಆಗ್ತಿರ್ಲಿಲ್ಲ.”

“ಅದಕ್ಕಾ ನಮ್ಮನೇಲಿ ಟೀ!” ಎಂದು ಚೈತ್ರ ಬರೆದುಕೊಂಡಳು.

“ಅಮ್ಮ ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ” ಎಂಬ ಸಾಲಿಗೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ಚೀಲ ತುಂಬಲು ಅವಸರ ಮಾಡಿದ ಎಸ್ಟೇಟಿನ ಸಾಹುಕಾರರ ಕೈಗೇ ಒಂದು ಬೀಜ ಕೊಟ್ಟು, “ಹಸಿ ಇದೆ ಸಾವ್ಕಾರ್ರೇ. ನಂಬಿಕೆ ಇಲ್ದಿದ್ರೆ ನೀವೇ ಕಚ್ಚಿ ನೋಡಿ” ಎಂದವಳು ಅವಳು. ಅದನ್ನೂ ಹೇಳಿದೆ. ಇನ್ನೂ ಏನೇನೋ ಹೇಳಿದೆ. ಹಾಳೆ ಪೂರ್ತಿ ಕೆಂಪಾಯಿತು.

ಚೈತ್ರ ಪೆನ್ನು ಕೆಳಗಿಟ್ಟಳು. “ಇಷ್ಟೆಲ್ಲ ಗೊತ್ತಿದ್ದೂ ಯಾಕಪ್ಪ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ.”

“ಹೆಂಗ್ ಕೇಳೋದು ಮಾರಾಯ? ಅಮ್ಮ ಅಂದ್ ಕೂಡ್ಲೇ ಮಳೆ ಅಳೀಬೇಕು ಅಂತ ಎದ್ದು ಹೋಗ್ತೀಯ. ಬಿಸಿಲಿದ್ರೂ!” ಆಮೇಲೆ ದನಿ ತಗ್ಗಿಸಿ, “ಮೊನ್ನೆ ಅಮ್ಮ ಹೆಂಗ್ ನಗ್ತಿದ್ಲು ಅಂತ ನೆನಪಿಗೇ ಬರ್ಲಿಲ್ಲ” ಎಂದಳು.

ಸುಳ್ಳು ಬರೆದ ಯಂತ್ರದ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ನಿಂತಿತು. ಅದು ಗೊತ್ತಿಲ್ಲದ್ದನ್ನು ಹೇಳಿತ್ತು. ನಾನು ಗೊತ್ತಿದ್ದದ್ದನ್ನು ಹೇಳಿರಲಿಲ್ಲ. ಏನೇ ಕೇಳಿದರೂ ಅದರ ಮುಖ ಬಾಡುವುದಿಲ್ಲ. ತಾಯಿಯನ್ನು ಕಳೆದುಕೊಂಡ ಹುಡುಗಿ ಅಪ್ಪನ ಬಾಡಿದ ಮುಖ ನೋಡಿ, ಪಾಪ, ಮುಖವೇ ಇಲ್ಲದ್ದನ್ನು ಕೇಳಿದ್ದಳು. ಎಐಯನ್ನು ಜವಾಬ್ದಾರಿಯಿಂದ ಬಳಸಿ ಎಂದು ಮಕ್ಕಳಿಗೆ ಎಲ್ಲರೂ ಹೇಳುತ್ತಾರೆ. ಆ ಜವಾಬ್ದಾರಿಯಲ್ಲಿ ದೊಡ್ಡವರಾದ ನಮ್ಮ ಪಾಲೂ ಒಂದಿಷ್ಟಿದೆ ಎಂದು ನನಗೆ ಹೊಳೆದಿರಲಿಲ್ಲ.

ಈಗ ಚೈತ್ರ ಮೊದಲು ನನ್ನನ್ನೇ ಕೇಳುತ್ತಾಳೆ. ಕೆಲವು ಪ್ರಶ್ನೆಗೆ ಎದ್ದು ಹೋಗಲು ಹೊರಟು ಮತ್ತೆ ಕೂರುತ್ತೇನೆ, ಅವಳು ಕಾಯುತ್ತಾಳೆ. ಕೆಲವಕ್ಕೆ “ಗೊತ್ತಿಲ್ಲ ಮಗಾ” ಎನ್ನುತ್ತೇನೆ. ಆ ಒಂದು ಮಾತು ಯಂತ್ರಕ್ಕೆ ಇನ್ನೂ ಸರಿಯಾಗಿ ಬರುವುದಿಲ್ಲವಂತೆ.